ಕೊಳದ ಬದಿಯ ಹಸಿರು ಮರೆ

ಮಂಗಳೂರು, ಉಡುಪಿಗಳ ಕಡೆ ಕೆಲವು ಮನೆಗಳ ಅಂಗಳಕ್ಕೂ ಈಜುಕೊಳ ಬಂದಿದೆ. ನೆರೆಮನೆಯ ಮಹಡಿಯಿಂದ ಕಣ್ಣು ಬೀಳುವಲ್ಲಿ ಹೆಣ್ಣುಮಕ್ಕಳು ನೀರಿಗಿಳಿಯಲು ಅಳುಕುವುದು ಸಹಜ, ಮರೆ ಬೇಕು. ಆದರೆ ಮರೆಗೆಂದು ನೆಟ್ಟ ಗಿಡವೇ ಕೊಳವನ್ನು ಕೆಡಿಸಬಲ್ಲದು. ಉದುರಿದ ಎಲೆ ನೀರಿನಲ್ಲಿ ಕೊಳೆತರೆ, ರೋಗಾಣುಗಳನ್ನು ಕೊಲ್ಲಬೇಕಾದ ಕ್ಲೋರಿನ್ ಆ ಕೊಳೆಗೇ ವ್ಯಯವಾಗುತ್ತದೆ, ಪಾಚಿ ತಲೆಯೆತ್ತುತ್ತದೆ.

ಎಲೆಯುದುರದ ಗಿಡವೆಂಬುದಿಲ್ಲ. ಉದುರುವುದು ಎಂತಹುದು, ಎಷ್ಟು ಎಂಬುದೇ ವಿಚಾರ. ಬೇವು, ಹುಣಿಸೆ, ಬಿದಿರುಗಳ ಸಣ್ಣ ಎಲೆಗಳು ಗಾಳಿಗೆ ಹಾರಿಬಂದು ಶೋಧಕದ ಜಾಲರಿಯನ್ನು ಮುಚ್ಚಿಬಿಡುತ್ತವೆ. ನರ್ಸರಿಗಳಲ್ಲಿ ಅರೆಕಾ ಪಾಮ್ ಎಂದು ದೊರೆಯುವ, ಮಡಗಾಸ್ಕರ್ ಮೂಲದ ಗಿಡವಾದರೋ ಬುಡದಿಂದಲೇ ಪೊದೆಯಾಗಿ ಬೆಳೆದು, ಆಗೊಮ್ಮೆ ಈಗೊಮ್ಮೆ ಇಡೀ ಗರಿಯನ್ನೇ ಕಳಚುತ್ತದೆ, ಕೈಯಿಂದೆತ್ತಿ ಹಾಕಿದರಾಯಿತು. 4 ಅಡಿಗೊಂದರಂತೆ ನೆಟ್ಟರೆ ಕೆಲವು ವರ್ಷಗಳಲ್ಲಿ ಹಸಿರು ಗೋಡೆಯೇ ಏಳುತ್ತದೆ. ಹೂಗೊನೆಯನ್ನು ಅರಳುವ ಮುನ್ನವೇ ಕತ್ತರಿಸಿದರೆ ಕಾಯಿಯ ಕಾಟವೂ ಇಲ್ಲ.

ಕರಾವಳಿಯಲ್ಲಿ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯಗಳಿಂದ ಬೀಸುವುದರಿಂದ ಎಲೆ ಸುರಿಸುವ ಮರ ಆ ದಿಕ್ಕಿಗಿರಬಾರದು. ಆಲ, ಅತ್ತಿಗಳ ಬೇರು ಕೊಳದ ಗೋಡೆಯನ್ನೇ ಸೀಳಬಲ್ಲದು. ಕಣಗಿಲೆ ಅಂದವೇ ಸರಿ, ಆದರೆ ಅದರ ಸರ್ವಾಂಗವೂ ವಿಷ. ಬೈನೆಯ ಹಣ್ಣಿನ ರಸ ಮೈಗೆ ತಾಗಿದರೆ ಉರಿ, ತುರಿಕೆ. ಮಕ್ಕಳಾಡುವಲ್ಲಿ ಇವೆರಡೂ ಸಲ್ಲವು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮರೆ ಬೀದಿಗೂ ನೆರೆಗೂ ಇರಲಿ, ಮನೆಯ ಕಡೆಗೆ ಬೇಡ. ಮಕ್ಕಳು ನೀರಿಗಿಳಿದಾಗ ಹಿರಿಯರು ಬಳಿಯಲ್ಲಿಯೇ ಇರತಕ್ಕದ್ದು. ಅರಿಯದೆ ಕೊಳದತ್ತ ಹೆಜ್ಜೆಯಿಟ್ಟ ಮಗು ಒಳಗಿದ್ದವರಿಗೂ ಕಾಣಬೇಕು. ಪರರ ಕಣ್ಣನ್ನು ತಡೆಯುವ ಗಿಡ ತಾಯಿಯ ಕಣ್ಣನ್ನು ತಡೆಯಬಾರದು.