ಅರ್ಥಶಾಸ್ತ್ರದ ಪ್ರಥಮ ಪಾಠವೂ ಇಳಕಲ್ಲಿನ ಮಗ್ಗವೂ

ಅರ್ಥಶಾಸ್ತ್ರದ ಪ್ರವೇಶ ತರಗತಿಗೆ ಬರುವ ವಿದ್ಯಾರ್ಥಿಯು ಪೇಟೆಯನ್ನರಿಯದವನಲ್ಲ. ಬಾಗಲಕೋಟೆಯ ಸೀಮೆಯಲ್ಲಿ ನೇಕಾರರ, ಒಕ್ಕಲುತನದವರ, ಅಂಗಡಿಕಾರರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆದರೂ ಬೇಡಿಕೆ-ಪೂರೈಕೆಗಳ ರೇಖೆಗಳನ್ನು ಹಲಗೆಯ ಮೇಲೆ ಎಳೆದೊಡನೆ ತರಗತಿಯು ಮೌನ ತಾಳುತ್ತದೆ. ತಾವು ಬಲ್ಲ ವ್ಯವಹಾರಕ್ಕೂ ಈ ರೇಖೆಗಳಿಗೂ ಇರುವ ಸಂಬಂಧವು ವಿದ್ಯಾರ್ಥಿಗಳಿಗೆ ತೋರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಆ ಸಂಬಂಧವನ್ನು ಕಾಣಿಸುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ತರಗತಿಯನ್ನೇ ಪೇಟೆಯನ್ನಾಗಿಸುವ ಈ ಕ್ರಮವು ಹೊಸದಲ್ಲ. ಹಾರ್ವರ್ಡಿನ ಎಡ್ವರ್ಡ್ ಚೇಂಬರ್ಲಿನ್ ಇಂಥ ಪ್ರಯೋಗವನ್ನು ೧೯೪೮ರಲ್ಲಿ ಪ್ರಕಟಿಸಿದನು. ಅವನ ವಿದ್ಯಾರ್ಥಿಯಾಗಿದ್ದ ವರ್ನನ್ ಸ್ಮಿತ್ ಅದನ್ನು ತಿದ್ದಿ ಬೆಳೆಸಿ ೧೯೬೨ರಲ್ಲಿ ಫಲಿತಗಳನ್ನು ಪ್ರಕಟಿಸಿದನು. ೨೦೦೨ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು.

ಇಳಕಲ್ ಸೀರೆಯನ್ನು ಸರಕಾಗಿಟ್ಟುಕೊಂಡು, ಊಹೆಯ ಅಂಕಿಗಳಿಂದ ಪ್ರಯೋಗವನ್ನು ಹೀಗೆ ನಡೆಸಬಹುದು. ಐವರು ನೇಕಾರರು, ಸೀರೆಗೆ ಅವರ ವೆಚ್ಚ ಕ್ರಮವಾಗಿ ೬೦೦, ೭೦೦, ೮೦೦, ೯೦೦, ೧೦೦೦ ರೂಪಾಯಿ. ಐವರು ಗಿರಾಕಿಗಳು, ಅವರು ಕೊಡಲೊಪ್ಪುವ ಗರಿಷ್ಠ ಬೆಲೆ ೭೦೦, ೮೦೦, ೯೦೦, ೧೦೦೦, ೧೧೦೦. ಚೀಟಿಯ ಅಂಕಿಯನ್ನು ಯಾರೂ ಇನ್ನೊಬ್ಬರಿಗೆ ತೋರಿಸಬಾರದು. ಬೆಲೆಗಳನ್ನು ಎಲ್ಲರೂ ಕೇಳುವಂತೆ ಕೂಗಿ, ಹಲವು ಸುತ್ತು ಆಡಿಸಿದಾಗ ವ್ಯಾಪಾರವು ಸಾಮಾನ್ಯವಾಗಿ ೮೦೦-೯೦೦ರ ನಡುವಣ ಬೆಲೆಗೂ ಮೂರು ಸೀರೆಗಳ ಮಾರಾಟಕ್ಕೂ ಸಮೀಪಿಸುತ್ತದೆ. ಉಭಯರಿಗೂ ಕೂಡಿ ದೊರೆಯುವ ಲಾಭ ೯೦೦ ರೂಪಾಯಿ. ಆದರೆ ಬೆಲೆ ಕೂಗದೆ ಇಬ್ಬಿಬ್ಬರೇ ಚೌಕಾಸಿ ಮಾಡಿ, ೧೦೦೦ದ ನೇಕಾರನು ೧೧೦೦ರ ಗಿರಾಕಿಯನ್ನು, ೯೦೦ರವನು ೧೦೦೦ದ ಗಿರಾಕಿಯನ್ನು, ಹೀಗೆಯೇ ಉಳಿದವರೂ ಕೂಡಿಕೊಂಡರೆ ಐದೂ ಸೀರೆಗಳು ಮಾರಾಟವಾಗುತ್ತವೆ. ಒಟ್ಟು ಲಾಭ ಮಾತ್ರ ೫೦೦ಕ್ಕೆ ಇಳಿಯುತ್ತದೆ.

ಇಲ್ಲಿಯೇ ಚರ್ಚೆ ಹುಟ್ಟುತ್ತದೆ. ಮೊದಲನೆಯ ಪೇಟೆಯಲ್ಲಿ ಲಾಭ ಹೆಚ್ಚು, ಆದರೆ ಇಬ್ಬರು ನೇಕಾರರ ಸೀರೆ ಉಳಿಯಿತು. ಆ ಇಬ್ಬರ ವೆಚ್ಚ ಏಕೆ ಹೆಚ್ಚು? ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಈ ಸಿದ್ಧತೆಗೆ ೩೦೦ ರೂಪಾಯಿ ತಗಲುವುದೆಂದು ಭಾವಿಸಿದರೆ ಅಷ್ಟೂ ಒಂದೇ ಸೀರೆಯ ಮೇಲೆ ಬೀಳುತ್ತದೆ. ಅಷ್ಟೇ ವೆಚ್ಚದ ಉದ್ದ ಹಾಸಿನಿಂದ ವಿದ್ಯುನ್ಮಗ್ಗದಲ್ಲಿ ಹತ್ತು ಸೀರೆ ನೇಯ್ದರೆ ತಲಾ ೩೦ ರೂಪಾಯಿ ಮಾತ್ರ. ಸ್ಥಿರವೆಚ್ಚವೆಂಬ ಪರಿಕಲ್ಪನೆ ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಕೆಲವು ಸರಕುಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ೧೯೮೫ರ ಕಾಯಿದೆಯು ನ್ಯಾಯವೆ, ಅದರ ಹೊರೆ ಯಾರದು ಎಂಬ ಪ್ರಶ್ನೆಯನ್ನು ಬಳಿಕ ವಿದ್ಯಾರ್ಥಿಗಳ ಮುಂದಿಡಬಹುದು.

ಉಳಿದ ಪಾಠಗಳಿಗೂ ಸಾಮಗ್ರಿ ಸಮೀಪದಲ್ಲಿಯೇ ಇದೆ. ಹುನಗುಂದದ ಎರೆಹೊಲದಲ್ಲಿ ಹಿಂಗಾರಿಗೆ ಜೋಳ ಬಿತ್ತಿದವನು ಅದೇ ನೆಲದ ಕಡಲೆಯ ಆದಾಯವನ್ನು ಬಿಟ್ಟುಕೊಟ್ಟಂತೆ, ಇದುವೇ ಅವಕಾಶವೆಚ್ಚ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯು ಕಾಲಾನುಗುಣವಾಗಿ ಏರಿಳಿಯುವ ಬೇಡಿಕೆಗೆ ನಿದರ್ಶನ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ನಿರ್ಮಾಣವಾಯಿತು. ನೀರಿನ ಫಲ ದೂರದ ಹೊಲಗಳಿಗೂ ದೊರೆಯಿತು. ನೆರೆಹೊರೆಯನ್ನು ಬಿಟ್ಟ ನಷ್ಟ ಊರವರದಾಯಿತು. ಮನೆಗೆ ಪರಿಹಾರ ಕಟ್ಟಬಹುದು. ಅಂಗಡಿಯು ಗಳಿಸಿದ್ದ ರೂಢಿಯ ಗಿರಾಕಿಗೆ ಬೆಲೆ ಕಟ್ಟುವುದು ಹೇಗೆ?

ಅಧ್ಯಾಪಕರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಯಾವ ವಿದ್ಯಾರ್ಥಿಯನ್ನೂ ಅವನ ಮನೆಯ ಆದಾಯ, ಸಾಲಗಳ ಬಗೆಗೆ ಎಲ್ಲರೆದುರು ಕೇಳಕೂಡದು. ಊಹೆಯ ಚೀಟಿಗಳು ಆ ಮುಜುಗರವನ್ನು ತಪ್ಪಿಸುತ್ತವೆ. ಉತ್ತರವನ್ನು ಮೊದಲು ಬರೆಯಿಸಿ, ಪಕ್ಕದವರೊಡನೆ ಚರ್ಚಿಸಗೊಟ್ಟು, ತರುವಾಯ ಹೇಳಿಸಿದರೆ ಮಾತನಾಡದ ವಿದ್ಯಾರ್ಥಿನಿಯರಿಗೂ ಧೈರ್ಯ ಬರುತ್ತದೆ. ಊರಿನ ಆಡುಮಾತಿನಲ್ಲಿಯೇ ಉತ್ತರ ಬರಲಿ. ಪಾರಿಭಾಷಿಕ ಪದವು ಅದರ ಹಿಂದೆ ಬರಲಿ. ತನ್ನ ಮನೆಯ ದುಡಿಮೆಯೂ ಶಾಸ್ತ್ರಕ್ಕೆ ವಿಷಯವೆಂದು ಕಂಡುಕೊಂಡ ವಿದ್ಯಾರ್ಥಿಯು ಶಾಸ್ತ್ರವನ್ನು ಪ್ರಶ್ನಿಸಲೂ ಕಲಿಯುತ್ತಾನೆ. ಪ್ರವೇಶಪಾಠದಿಂದ ನಾವು ಅಪೇಕ್ಷಿಸಬೇಕಾದುದು ಇದನ್ನೇ.