ಕಡತವೂ ಬಳಪವೂ

ಸಕಲೇಶಪುರ, ಆಲೂರುಗಳ ತಾಲ್ಲೂಕು ಕಛೇರಿಗಳಲ್ಲಿ ‘ಕಡತ’ವೆಂಬ ಮಾತು ನಿತ್ಯವೂ ಕೇಳಿಬರುವುದು. ಕಾಗದಗಳ ಕಟ್ಟಿಗೆ ಈಗ ಸಲ್ಲುವ ಈ ಹೆಸರು ಪೂರ್ವದಲ್ಲಿ ಯಾವ ವಸ್ತುವಿಗಿದ್ದಿತೆಂಬುದನ್ನು ಬಲ್ಲವರು ವಿರಳ. ಬಟ್ಟೆಗೆ ಹುಣಿಸೇಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಒಂದರ ಮೇಲೊಂದಾಗಿ ಮಡಿಸಿದ ಕರಿಯ ಪುಸ್ತಕವೇ ಕಡತವು. ಅದರಲ್ಲಿ ಬಳಪದಿಂದ ಬರೆಯುತ್ತಿದ್ದರು; ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಅನೇಕವಾಗಿ ಉಳಿದುಬಂದಿವೆ.

ಬಳಪವೆಂಬುದು ಬರೆಯುವ ಕಡ್ಡಿಯ ಹೆಸರು ಮಾತ್ರವಲ್ಲ, ಕಲ್ಲಿನ ಹೆಸರೂ ಅಹುದು. ನಮ್ಮ ನೆರೆಯ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತನಾದ ಚೆನ್ನಕೇಶವನ ಆಲಯವು ಬಳಪದ ಕಲ್ಲಿನದೇ. ಶಿಲ್ಪಿಯ ಉಳಿಗೆ ಒಲಿದ ಆ ಮೃದುಶಿಲೆಯೇ ಬಾಲಕರಿಗೆ ಅಕ್ಷರವನ್ನೂ ಕಲಿಸಿತು.

ಇನ್ನು ಲೆಕ್ಕಣಿಕೆಯೆಂಬುದು ಸಂಸ್ಕೃತದ ಲೇಖನಿಗೆ ಸಂಬಂಧಿಸಿದ ಮಾತು. ತಾಳೆಯೋಲೆಯ ಮೇಲೆ ಅಕ್ಷರವನ್ನು ಕೊರೆಯುವ ಕಬ್ಬಿಣದ ಮೊನೆಗೆ ಕಂಟವೆಂದು ಹೆಸರು. ಕಂಟವು ಕಣ್ಮರೆಯಾಯಿತು, ಓಲೆಯಾದರೋ ಮದುವೆಯ ‘ಕರೆಯೋಲೆ’ಯಲ್ಲಿ ಇನ್ನೂ ಬದುಕಿದೆ.

ಮಾತು ಉಳಿದರೆ ಸಾಲದು, ವಸ್ತುವೂ ಉಳಿಯಬೇಕು. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಅಟ್ಟದ ಮೇಲೆ ಕರಿಯ ಬಟ್ಟೆಯ ಮಡಿಕೆಯೊಂದು ದೊರೆತರೆ, ಹಳೆಯ ಚಿಂದಿಯೆಂದು ಅದನ್ನು ಒಲೆಗೆ ಹಾಕಬಾರದು. ಧೂಳಾಗಿದೆಯೆಂದು ಒರಸಲೂಬಾರದು, ಬಳಪದ ಬರೆಹವು ಅಂಗೈಯ ಒಂದು ಉಜ್ಜಿಗೇ ಅಳಿದುಹೋಗುವುದು. ಮಲೆನಾಡಿನ ಮಳೆಗಾಲದ ತೇವವೂ ಅದಕ್ಕೆ ಶತ್ರುವೇ. ಒಣಗಿದ ಸ್ಥಳದಲ್ಲಿಟ್ಟು, ಬಲ್ಲವರಿಗೆ ತೋರಿಸಿರಿ. ಅದರಲ್ಲಿ ನಿಮ್ಮ ಮನೆತನದ ಗದ್ದೆಯ ಲೆಕ್ಕವೋ, ನಿಮ್ಮ ಊರಿನ ಚರಿತ್ರೆಯೋ ಇದ್ದೀತು.