ಈಜುಪಟುವಿನ ಮನಸ್ಸಿಗೂ ತರಬೇತಿ ಬೇಕು

ಸಂಜೆಯ ದುರ್ಗದಬೈಲಿನ ಗದ್ದಲದಲ್ಲೂ ತಿಂಡಿಗಾಡಿಯವನ ಲೆಕ್ಕ ತಪ್ಪುವುದಿಲ್ಲ. ಸ್ಪರ್ಧೆಗಿಳಿಯುವ ಈಜುಪಟುವಿಗೂ ಅಂಥದ್ದೇ ಏಕಾಗ್ರತೆ ಬೇಕು. ಆದರೆ ನಾವು ಮಕ್ಕಳ ಕೈಕಾಲುಗಳನ್ನು ಪಳಗಿಸುತ್ತೇವೆ, ಮನಸ್ಸನ್ನು ಅದರ ಪಾಡಿಗೆ ಬಿಡುತ್ತೇವೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ ಅವರ ಈಜುಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಂತಾಯಿತು. ಅವರು ಗಾಬರಿಯಾಗದೆ ಕೈಬೀಸುಗಳನ್ನು ಎಣಿಸುತ್ತಾ ಈಜಿ, 1 ನಿಮಿಷ 52.03 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಇಡೀ ಸ್ಪರ್ಧೆಯನ್ನು, ಬರಬಹುದಾದ ತೊಂದರೆಗಳ ಸಮೇತ, ಕಣ್ಣುಮುಚ್ಚಿ ಮನಸ್ಸಿನಲ್ಲೇ ಈಜಿ ನೋಡುವ ಅಭ್ಯಾಸ ಅವರಿಗಿತ್ತು. ಮೊದಲೇ ಮನಸ್ಸಿನಲ್ಲಿ ಕಂಡ ತೊಂದರೆ ಎದುರಾದಾಗ ಅಷ್ಟು ಹೆದರಿಸುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ. ಹಾಗೆಯೇ ಭಯವಾದಾಗ ಉಸಿರು ಚಿಕ್ಕದಾಗುತ್ತದೆ. ನೀರಿಗೆ ಹಾರುವ ಮುನ್ನ ನಿಧಾನವಾಗಿ, ದೀರ್ಘವಾಗಿ ಉಸಿರು ಬಿಟ್ಟರೆ ಎದೆಬಡಿತ ಹತೋಟಿಗೆ ಬರುತ್ತದೆ.

ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಬಾಲ್ಯದಲ್ಲಿ ನೀರಿನಲ್ಲಿ ಮುಳುಗುವುದರಿಂದ ಪಾರಾದವರು. ತಂದೆಯೇ ಅವರಿಗೆ ಈಜು ಕಲಿಸಿದರು. 2000ದಲ್ಲಿ ಅವರು ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದರು.

ಗೆದ್ದವರಿಗೆ ನೋವಿಲ್ಲವೆಂದು ಭಾವಿಸಬಾರದು. 2012ರ ಒಲಿಂಪಿಕ್ಸ್ ನಂತರ ಬದುಕುವುದೇ ಬೇಡವೆನಿಸಿತ್ತೆಂದು ಫೆಲ್ಪ್ಸ್ 2018ರಲ್ಲಿ ಬಹಿರಂಗವಾಗಿ ಹೇಳಿದರು. ಮಗು ನಿದ್ದೆಗೆಟ್ಟರೆ, ಈಜುಕೊಳಕ್ಕೆ ಹೋಗಲು ಹಿಂಜರಿದರೆ, ಸೋಮಾರಿತನವೆಂದು ಗದರುವ ಮೊದಲು ಕೂರಿಸಿ ಕೇಳೋಣ. ಪದಕದ ಮಾತು ಆಮೇಲೆ. ಹುಬ್ಬಳ್ಳಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ; ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.